ಕತ್ತರಿ ಹಾಕದ ಊರಿನಲ್ಲಿ ಒಂದು ವಾರ

ಸೇಡಂ ರಸ್ತೆ

ವಿದೇಶಕ್ಕೆ ಹೋಗಿಬಂದವರು ಸಾಮಾನ್ಯವಾಗಿ ವಿಮಾನದ ಕಿಟಕಿಯಿಂದ ಕಂಡ ಮೋಡಗಳ ಬಗ್ಗೆ ಮೊದಲು ಬರೆಯುತ್ತಾರೆ. ನನಗೆ ಕಿಟಕಿ ಸಿಗಲಿಲ್ಲ. ಕಿಟಕಿಯ ಪಕ್ಕ ನಮ್ಮ ಹಣಕಾಸು ಅಧಿಕಾರಿ ಬಸವಂತಪ್ಪನವರು ಕೂತಿದ್ದರು, ಅವರ ತೊಡೆಯ ಮೇಲೆ ಕೆಂಪು ಬಾಳೆಕಾಯಿಯ ಚೀಲ ಕೂತಿತ್ತು. ಹೀಗಾಗಿ ನಾನು ಹೇಳುವುದೆಲ್ಲ ಬಾಳೆ ಮತ್ತು ಬಸವಂತಪ್ಪನವರ ಬಗ್ಗೆಯೇ ಇರುತ್ತದೆ. ಮೋಡ ಬೇಕಾದವರು ಬೇರೆಯವರನ್ನು ಓದಿಕೊಳ್ಳಬೇಕು.

ನಾನು ಕಲಬುರಗಿಯ ಒಂದು ವಿಶ್ವವಿದ್ಯಾಲಯದಲ್ಲಿ ಉಪಕುಲಸಚಿವೆ. ಹೊಸ ಕೋರ್ಸಿಗೆ ಯೋಜನೆ ಹಾಕುವುದು, ಯಾವ ವಿಭಾಗಕ್ಕೆ ಎಷ್ಟು ಸೀಟು, ಎಷ್ಟು ಹುದ್ದೆ ಬೇಕೆಂದು ಫೈಲು ತಯಾರಿಸುವುದು ನನ್ನ ಕೆಲಸ. ಆ ಫೈಲಿನ ಕೈಕಾಲು ಮುರಿಯುವುದು ಬಸವಂತಪ್ಪನವರ ಕೆಲಸ. ಹದಿನೈದು ವರ್ಷಗಳಿಂದ ನಾವಿಬ್ಬರೂ ಇದನ್ನು ಬಹಳ ಸ್ನೇಹದಿಂದ ಮಾಡಿಕೊಂಡು ಬಂದಿದ್ದೇವೆ. ಅವರ ಮನೆ ಸೇಡಂ ರಸ್ತೆಯಲ್ಲಿ ನಮ್ಮ ಮನೆಯ ಹಿಂದಿನ ಲೇಔಟಿನಲ್ಲೇ ಇದೆ, ಹಬ್ಬಕ್ಕೆ ಹೋಳಿಗೆ ಬರುತ್ತದೆ, ಸೋಮವಾರ ನನ್ನ ಫೈಲು ವಾಪಸ್ ಬರುತ್ತದೆ.

ಕಮಲಾಪುರದಲ್ಲಿ ನಮ್ಮ ವಿಶ್ವವಿದ್ಯಾಲಯದ ಒಂದು ಚಿಕ್ಕ ಕೇಂದ್ರವಿದೆ. ಅಲ್ಲಿ ಹಣ್ಣು ಮತ್ತು ಕಾಳುಗಳನ್ನು ಕೆಡದಂತೆ ಸಂಸ್ಕರಿಸುವ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸು ನಡೆಯುತ್ತದೆ. ನಡೆಸುವವರು ನಸ್ರೀನ್ ಬೇಗಂ ಎಂಬ ಅತಿಥಿ ಉಪನ್ಯಾಸಕಿ. ಸುತ್ತಲಿನ ಹಳ್ಳಿಗಳ ಹುಡುಗಿಯರು ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ವಾಪಸ್ ಹೋಗುತ್ತಾರೆ. ಕಲಬುರಗಿಯ ಹಾಸ್ಟೆಲಿಗೆ ಮನೆಯವರು ಕಳಿಸುವುದಿಲ್ಲ. ಆದ್ದರಿಂದ ಆರು ತಿಂಗಳಾದ ಮೇಲೆ ಅವರ ಓದು ಅಲ್ಲಿಗೇ ಮುಗಿಯುತ್ತದೆ. ಅದೇ ಕೇಂದ್ರದಲ್ಲಿ ಮೂರು ವರ್ಷದ ಪದವಿ ತೆರೆಯಬೇಕೆಂದು ನಸ್ರೀನ್ ಎಷ್ಟೋ ಸಲ ನನ್ನ ಕೋಣೆಗೆ ಅಲೆದಿದ್ದರು. ಈ ವರ್ಷ ಪದವಿ ಬರದಿದ್ದರೆ ಕೇಂದ್ರಕ್ಕೇ ಬೀಗ ಹಾಕುವುದೆಂದು ಮೇಲಿನವರು ತೀರ್ಮಾನ ಮಾಡಿಟ್ಟಿದ್ದರು.

ಅಷ್ಟರಲ್ಲಿ ನೆದರ್ಲ್ಯಾಂಡ್ಸಿನ ಒಂದು ವಿಶ್ವವಿದ್ಯಾಲಯದಿಂದ ಕರೆ ಬಂತು. ಹೊಸ ಪದವಿಗೆ ಯಂತ್ರಗಳನ್ನು ಕೊಡುತ್ತೇವೆ, ಮೊದಲ ಮೂರು ವರ್ಷ ಒಬ್ಬ ಅಧ್ಯಾಪಕರನ್ನೂ ಕಳಿಸುತ್ತೇವೆ, ಆದರೆ ನಿಮ್ಮ ಯೋಜನೆ ನಮಗೆ ಒಪ್ಪಿಗೆಯಾಗಬೇಕು, ಖಾಯಂ ಅಧ್ಯಾಪಕರನ್ನು ನಿಮ್ಮ ಕಡೆಯಿಂದ ಕೊಡಬೇಕು, ಇಬ್ಬರು ಬಂದು ಒಂದು ವಾರ ಕೂತು ಮಾತಾಡಿ ಎಂದರು.

ನಸ್ರೀನ್ ಬರೆದುಕೊಟ್ಟ ಯೋಜನೆ ಚಿಕ್ಕದು. ಮೂವತ್ತು ಸೀಟು, ಇಬ್ಬರು ಖಾಯಂ ಅಧ್ಯಾಪಕರು, ಒಂದು ಲ್ಯಾಬು. ಬಸವಂತಪ್ಪನವರು ಅದನ್ನು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದೇನ್ರಿ ಮೇಡಂ? ಮೂವತ್ತು ಬೇಕಂದ್ರ ಮೂವತ್ತ ಬರೀತಾರೇನ್ರಿ ಯಾರರ? ಅವ್ರು ಅರ್ಧಕ್ಕ ಕತ್ತರಿ ಹಾಕ್ತಾರ. ಹದಿನೈದು ಉಳೀತಾವ. ಆಮ್ಯಾಲ ಏನ್ ಮಾಡ್ತೀರಿ?"

"ಅವ್ರು ಹಾಕ್ತಾರಂತ ನಿಮಗ ಹ್ಯಾಂಗ ಗೊತ್ತು?"

"ಕೊಡೋರು ಯಾವ ದೇಶದವ್ರಿದ್ರೂ ಅಷ್ಟರಿ. ನಾನ ಹಾಕ್ತೀನಿ, ನನಗ ಗೊತ್ತಿಲ್ಲೇನು?"

ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಒಂದು ಕಂಪ್ಯೂಟರು ಬೇಕಾದವರು ಎರಡು ಎಂದು ಬರೆಯುತ್ತಾರೆ. ಎರಡು ಎಂದು ಬರೆದಿದ್ದಾರೆಂದರೆ ಒಂದು ಬೇಕಾಗಿದೆ ಎಂದು ಹಣಕಾಸು ಸಮಿತಿಗೆ ಗೊತ್ತು. ಸಮಿತಿ ಅರ್ಧಕ್ಕೆ ಕತ್ತರಿ ಹಾಕುತ್ತದೆ, ಇಬ್ಬರಿಗೂ ತೃಪ್ತಿ. ಹೊಸದಾಗಿ ಸೇರಿದ ಒಬ್ಬ ಸಸ್ಯಶಾಸ್ತ್ರದ ಅಧ್ಯಾಪಕರು ಈ ಪದ್ಧತಿ ತಿಳಿಯದೆ ಒಂದೇ ಸೂಕ್ಷ್ಮದರ್ಶಕ ಬೇಕೆಂದು ಕೇಳಿ ಏನೂ ಸಿಗದೆ ಕೂತಿದ್ದರು. ಒಂದರ ಅರ್ಧ ಸೊನ್ನೆ ಎಂಬುದು ನಮ್ಮ ಸಮಿತಿಯ ಗಣಿತ.

ಹಾಗಾಗಿ ಮೂವತ್ತು ಅರವತ್ತಾಯಿತು. ಇಬ್ಬರು ಅಧ್ಯಾಪಕರು ನಾಲ್ವರಾದರು, ಒಂದು ಲ್ಯಾಬು ಎರಡಾಯಿತು. ಕೊನೆಯಲ್ಲಿ ಒಂದು ಜೀಪ್ ಕೂಡ ಬಂದು ನಿಂತಿತು.

"ಜೀಪ್ ಯಾಕ್ರಿ?" ಎಂದು ಕೇಳಿದೆ.

"ಅದು ಕಡೀಲಾಕ ಇಟ್ಟದ್ರಿ. ಕಡಿಯೋರಿಗೂ ಏನರ ಸಿಗಬೇಕಲ್ರಿ ಕೈಗೆ."

ನನಗೆ ಸಿಟ್ಟು ಬಂತು, ಆದರೆ ಬೇಡ ಎನ್ನಲಿಲ್ಲ. ಇಷ್ಟು ವರ್ಷ ಅವರ ಕತ್ತರಿಯ ಕೆಳಗೆ ಕೂತವಳಿಗೆ ಜಗತ್ತಿನ ಎಲ್ಲ ಕತ್ತರಿಗಳೂ ಹಾಗೆಯೇ ಎನಿಸಿಬಿಟ್ಟಿತ್ತು. ಸಂಜೆ ಸೂಪರ್ ಮಾರ್ಕೆಟ್ ಎಂದು ಹೆಸರಿರುವ ನಮ್ಮೂರಿನ ಪೇಟೆಬೀದಿಗೆ ಹೋಗಿ, 'ಒಂದೇ ದರ' ಎಂಬ ಬೋರ್ಡಿನ ಕೆಳಗೆ ನಿಂತು ಅರ್ಧ ಗಂಟೆ ಚೌಕಾಸಿ ಮಾಡಿ, ಉಣ್ಣೆಯ ಬನಿಯನ್‌ಗಳನ್ನು ಮತ್ತು ಡಚ್ಚರಿಗೆ ಹೊದಿಸಲು ಶಾಲುಗಳನ್ನು ಕೊಂಡೆವು.

ಕಮಲಾಪುರ, ಸಂತೆಯ ದಿನ

ಹೊರಡುವ ಮುನ್ನ ಕೇಂದ್ರವನ್ನು ಒಮ್ಮೆ ನೋಡಿಬರೋಣವೆಂದು ಹೋದೆ. ಸಂತೆಯ ಗದ್ದಲದಲ್ಲಿ ಆಟೋ ಒಳಗೆ ನುಗ್ಗಲಿಲ್ಲ, ಮೆಣಸಿನಕಾಯಿ ರಾಶಿಗಳ ನಡುವೆ ಸೀನುತ್ತಾ ನಡೆದೆ. ಕೇಂದ್ರವೆಂದರೆ ಎರಡು ಕೋಣೆ. ಒಂದರಲ್ಲಿ ಪಾಠ, ಇನ್ನೊಂದರಲ್ಲಿ ಒಲೆ, ತಕ್ಕಡಿ, ಒಣಗಿಸುವ ತಟ್ಟೆಗಳು. ಹುಡುಗಿಯರು ತೊಗರಿಬೇಳೆ ಹುರಿಯುತ್ತಿದ್ದರು. ನನ್ನನ್ನು ಕಂಡದ್ದೇ ಎಲ್ಲರೂ ಎದ್ದು ನಿಂತರು.

"ಮೇಡಂ, ಡಿಗ್ರಿ ಬರ್ತದಲ್ರಿ?" ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು.

"ಬ್ಯಾಳಿ ತಳಾ ಹತ್ತಾಕತ್ತದ, ಮೊದಲ ಅದನ್ನ ನೋಡು," ಎಂದು ನಸ್ರೀನ್ ಗದರಿದರು. ನಂತರ ನನ್ನ ಕಡೆ ತಿರುಗಿ, ಅದೇ ಪ್ರಶ್ನೆಯನ್ನು ಕಣ್ಣಿನಲ್ಲಿ ಇಟ್ಟುಕೊಂಡು ನಿಂತರು.

ನಸ್ರೀನ್ ಮೆತ್ತಗಿನ ಹೆಂಗಸಲ್ಲ. ಅವರ ಮಾವನವರದು ಬಾಳೆಕಾಯಿ ವ್ಯಾಪಾರ, ಲಾರಿಯವರೊಡನೆ ಜಗಳವಾಡಿ ಗೆದ್ದ ಧ್ವನಿ ಅವರದು. ಒಂದು ಚಿಪ್ಪು ಕೆಂಪು ಬಾಳೆಕಾಯಿ ತಂದು ನನ್ನ ಕೈಗಿಟ್ಟರು.

"ಇನ್ನಾ ಹಣ್ಣಾಗಿಲ್ಲ. ನೀವು ಮುಟ್ಟೂದ್ರಾಗ ಹಣ್ಣಾಗ್ತಾವ. ಅವ್ರಿಗೆ ತಿನಿಸ್ರಿ. ಎರಡು ದಿನ ಬಿಟ್ಟು ಮತ್ತ ತೋರಸ್ರಿ. ಕೋರ್ಸ್ ಯಾಕ ಬೇಕಂತ ಅವ್ರಿಗೇ ತಿಳೀತದ. ನೀವು ಭಾಷಣ ಮಾಡೂದ ಬ್ಯಾಡ."

ಮೂವತ್ತು ಅರವತ್ತಾದ ಸಂಗತಿಯನ್ನು ನಾನು ಹೇಳಲಿಲ್ಲ. ಹೇಳಿದರೆ ಆ ಬಾಳೆಕಾಯಿ ವಾಪಸ್ ಕಿತ್ತುಕೊಳ್ಳುತ್ತಾರೇನೋ ಅನ್ನಿಸಿತು.

ಹೆಸರು ಹೇಳಲಾಗದ ಊರು

ಹೈದರಾಬಾದಿಗೆ ರೈಲು, ಅಲ್ಲಿಂದ ವಿಮಾನ, ಇಳಿದ ಮೇಲೆ ಮತ್ತೊಂದು ರೈಲು. ನಾವು ತಲುಪಿದ ಊರಿನ ಹೆಸರನ್ನು ಹೇಳಬೇಕಾದರೆ ಗಂಟಲಿನಲ್ಲಿ ಕಫ ಕಟ್ಟಿದವರಂತೆ ಕ್ಯಾಕರಿಸಬೇಕು. ಬಸವಂತಪ್ಪನವರು ಮೂರು ಸಲ ಪ್ರಯತ್ನಿಸಿದಾಗ ರೈಲಿನ ಹೆಂಗಸೊಬ್ಬಳು ನೀರಿನ ಬಾಟಲಿ ಚಾಚಿದಳು. ಅಲ್ಲಿಗೆ ಹೆಸರಿನ ಸಹವಾಸ ಬಿಟ್ಟೆವು.

ನವೆಂಬರ್. ಆಕಾಶ ನಮ್ಮ ನೆತ್ತಿಯ ಮೇಲೇ ಕೂತಂತಿತ್ತು. ಮಳೆ ಬರುತ್ತಿದೆಯೋ ಇಲ್ಲವೋ ಹೇಳಲಾಗದು, ಆದರೆ ಸೀರೆಯ ಅಂಚು ಸದಾ ಒದ್ದೆ. ರಸ್ತೆಯ ಪಕ್ಕದ ಕೆಂಪು ದಾರಿ ಚೊಕ್ಕಟವಾಗಿದೆಯೆಂದು ಬಸವಂತಪ್ಪನವರು ಅದರ ಮೇಲೆ ನಡೆದರು. ಅದು ಸೈಕಲ್ಲಿನವರ ದಾರಿ. ಹಿಂದಿನಿಂದ ಗಂಟೆಗಳ ಸುರಿಮಳೆಯಾಯಿತು. ಒಬ್ಬ ಅಜ್ಜಿ ಸೈಕಲ್ ನಿಲ್ಲಿಸಿ, ಇಳಿದು, ಅವರನ್ನು ಬೈದು, ಮತ್ತೆ ಹತ್ತಿಕೊಂಡು ಹೋದಳು. ನಮ್ಮಲ್ಲಿ ಹಾರನ್ ಹೊಡೆದು ಹೋಗುತ್ತಾರೆ, ಇಷ್ಟು ಸಮಯ ಕೊಟ್ಟು ಯಾರೂ ಬೈಯುವುದಿಲ್ಲ.

ಮನೆಗಳ ಕಿಟಕಿಗಳಿಗೆ ಪರದೆಯೇ ಇಲ್ಲ. ಸಂಜೆ ನಡೆಯುತ್ತಾ ಹೋದರೆ ಒಬ್ಬರ ಊಟ, ಇನ್ನೊಬ್ಬರ ಇಸ್ತ್ರಿ, ಮತ್ತೊಬ್ಬರ ಜಗಳ ಎಲ್ಲ ಕಾಣುತ್ತದೆ. ಸೇಡಂ ರಸ್ತೆಯಲ್ಲಿ ಕಬ್ಬಿಣದ ಗ್ರಿಲ್, ಅದರ ಹಿಂದೆ ಸೊಳ್ಳೆ ಜಾಲರಿ, ಅದರ ಹಿಂದೆ ದಪ್ಪ ಪರದೆ ಹಾಕಿ ಬದುಕುವ ನನಗೆ ಮೊದಲ ದಿನ ತಲೆ ತಗ್ಗಿಸಿ ನಡೆಯಬೇಕಾಯಿತು. ಎರಡನೆಯ ದಿನ ಚೆನ್ನಾಗಿ ನೋಡಿಕೊಂಡೇ ನಡೆದೆ.

ನಮ್ಮನ್ನು ನೋಡಿಕೊಳ್ಳುವವರು ಇಬ್ಬರು. ಮಾರೈಕೆ ಎಂಬಾಕೆ ಹೊಸ ಕೋರ್ಸುಗಳ ಯೋಜನೆಯ ಮುಖ್ಯಸ್ಥೆ, ನನ್ನ ವಯಸ್ಸಿನವಳು, ಗಂಡಸರಂತೆ ಕತ್ತರಿಸಿದ ಬಿಳಿ ಕೂದಲು. ಹೆಂಕ್ ಎಂಬಾತ ಅವರ ಬಸವಂತಪ್ಪ. ಮೊದಲ ದಿನವೇ ಶಾಲು ಹೊದಿಸಿದೆವು. ಮಾರೈಕೆ ಅದನ್ನು ದಿನವಿಡೀ ತೆಗೆಯಲಿಲ್ಲ, ಚಳಿಗೆ ಒಳ್ಳೆಯದಾಯಿತು ಎಂದಳು. ಸನ್ಮಾನವೆಂದು ವಿವರಿಸಿದೆ. "ಆದರೆ ನಾನಿನ್ನೂ ಏನೂ ಮಾಡಿಲ್ಲವಲ್ಲ," ಎಂದಳು. ನಮ್ಮ ಕಡೆ ಏನಾದರೂ ಮಾಡಿದವರಿಗೆ ಮಾತ್ರ ಶಾಲು ಎಂದರೆ ಸೂಪರ್ ಮಾರ್ಕೆಟ್ಟಿನ ಅರ್ಧ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ನಾನು ಹೇಳಲಿಲ್ಲ.

ನಂತರ ಕಾಫಿ. ಹೆಂಕ್ ಬಂದು, "ಕಾಫಿ ಬೇಕೇ?" ಎಂದು ಬಸವಂತಪ್ಪನವರನ್ನು ಕೇಳಿದ.

ಬಸವಂತಪ್ಪನವರು ಎದೆಯ ಮೇಲೆ ಕೈಯಿಟ್ಟು, ಮುಗುಳ್ನಕ್ಕು, ಬೇಡ ಬೇಡ ಎಂದರು. ಹೆಂಕ್ ಸರಿ ಎಂದು ತಲೆಯಾಡಿಸಿ ಮುಂದೆ ಹೋದ. ಬಸವಂತಪ್ಪನವರ ಮುಗುಳ್ನಗೆ ಮುಖದಲ್ಲೇ ಒಣಗಿತು. ನಮ್ಮಲ್ಲಿ ಮೊದಲ ಸಲ ಬೇಡ ಎನ್ನುವುದು ಮರ್ಯಾದೆ. ಎರಡನೆಯ ಸಲ ಬೇಡ ಎನ್ನುವುದು ಸಂಕೋಚ. ಮೂರನೆಯ ಸಲ ಒತ್ತಾಯ ಮಾಡಿದಾಗ, ನಿಮಗಾಗಿ ಅರ್ಧ ಕಪ್ ಎಂದು ತೆಗೆದುಕೊಳ್ಳಬೇಕು. ಇಲ್ಲಿ ಎರಡನೆಯ ಸಲ ಕೇಳುವವರೇ ಇಲ್ಲ. ಕಾಫಿ ಕುಡಿದವರಿಗೆ ಒಂದು ಡಬ್ಬಿಯಿಂದ ಒಂದೇ ಒಂದು ಬಿಸ್ಕತ್ತು ಕೊಟ್ಟು, ಡಬ್ಬಿಯ ಮುಚ್ಚಳ ಹಾಕಿ ಕಪಾಟಿನಲ್ಲಿಟ್ಟರು. ನನ್ನ ಅತ್ತೆ ಇದನ್ನು ನೋಡಿದ್ದರೆ ಆ ಮನೆಯ ಹೊಸ್ತಿಲು ಮತ್ತೆ ತುಳಿಯುತ್ತಿರಲಿಲ್ಲ.

"ಬ್ಯಾಡ ಅಂದ್ರ ಖರೇನ ಬ್ಯಾಡ ಅಂತ ತಿಳೀತಾರಲ್ರಿ ಈ ಮಂದಿ," ಎಂದು ಬಸವಂತಪ್ಪನವರು ಹಸಿವಿನಿಂದ ಗೊಣಗಿದರು.

ಆ ಮಾತಿನ ಬಗ್ಗೆ ನಾವಿಬ್ಬರೂ ಆಗಲೇ ಇನ್ನಷ್ಟು ಯೋಚಿಸಬೇಕಾಗಿತ್ತು.

ಮಂಗಳವಾರ, ಬುಧವಾರ

ಮಂಗಳವಾರ ಬೆಳಿಗ್ಗೆ ಬಸವಂತಪ್ಪನವರು ನನ್ನ ಕೋಣೆಯ ಬಾಗಿಲು ತಟ್ಟಿದರು. ಬಾಳೆಕಾಯಿಯ ಚೀಲವನ್ನು ಅವರು ಕಿಟಕಿಯ ಕೆಳಗಿದ್ದ ಒಂದು ಬಿಳಿ ಕಟ್ಟೆಯ ಮೇಲಿಟ್ಟು ಮಲಗಿದ್ದರಂತೆ. ಅದು ಕಟ್ಟೆಯಲ್ಲ, ಕೋಣೆ ಬೆಚ್ಚಗಿಡುವ ಹೀಟರ್. ಕಾಯಿ ಒಂದೇ ರಾತ್ರಿಗೆ ಹಣ್ಣಾಗಿ, ಹಣ್ಣು ಮೀರಿ, ಚೀಲದಿಂದ ಸೋರಿ, ಕೆಳಗಿದ್ದ ಅವರ ಕೋಟಿನ ಮೇಲೆ ಇಳಿದಿತ್ತು. ಇಡೀ ಮಹಡಿಗೆ ಪಂಚಾಮೃತದ ವಾಸನೆ. ಕಾಲು ಭಾಗ ಹಣ್ಣು ಮಾತ್ರ ಗಟ್ಟಿಯಾಗಿ ಉಳಿದಿತ್ತು. ಕೋಟಿಲ್ಲದೆ, ಸ್ವೆಟರಿನ ಮೇಲೆ ಟೈ ಕಟ್ಟಿಕೊಂಡು ಅವರು ಸಭೆಗೆ ಬಂದರು.

ಉಳಿದ ಹಣ್ಣನ್ನು ಮಾರೈಕೆಗೆ ಕೊಟ್ಟೆ, ಹೀಟರಿನ ಕತೆಯನ್ನೂ ಹೇಳಿದೆ. ಅವಳು ತಿಂದು, ಕಣ್ಣು ಮುಚ್ಚಿ, "ಇದು ಮೂರು ದಿನವೂ ಉಳಿಯುವುದಿಲ್ಲವೇ?" ಎಂದಳು. ಇಲ್ಲ ಎಂದೆ. "ಹಾಗಾದರೆ ನಿಮ್ಮ ಕೋರ್ಸಿನ ಅಗತ್ಯ ನನಗೆ ಅರ್ಥವಾಯಿತು," ಎಂದಳು. ನಸ್ರೀನ್ ಹೇಳಿದ್ದು ಅಕ್ಷರಶಃ ನಿಜವಾಯಿತೆಂದು ನನಗೆ ಹಿಗ್ಗು. ಆ ಹಿಗ್ಗು ಯೋಜನೆಯ ಮೊದಲ ಪುಟ ತೆಗೆಯುವ ತನಕ ಇತ್ತು.

"ಅರವತ್ತು ವಿದ್ಯಾರ್ಥಿಗಳು," ಎಂದು ಮಾರೈಕೆ ಓದಿದಳು. "ಎಲ್ಲಿಂದ ಬರುತ್ತಾರೆ?"

ನಾನು ಬಸವಂತಪ್ಪನವರನ್ನು ನೋಡಿದೆ. ಅವರು ನನ್ನನ್ನು ನೋಡಿದರು. ನಮ್ಮ ಸಮಿತಿಯಲ್ಲಿ ಇಂಥ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಸಂಖ್ಯೆಯನ್ನು ಕಡಿಯುತ್ತಾರೆ, ನಂಬುವುದಿಲ್ಲ. ಇಲ್ಲಿ ನಂಬಿಕೊಂಡು ಕೂತಿದ್ದರು. ಬರುತ್ತಾರೆ ಎಂದೆವು. ಯಾವ ಊರುಗಳಿಂದ, ಯಾವ ಕಾಲೇಜುಗಳಿಂದ, ಈಗ ಎಷ್ಟು ಜನ ಬರುತ್ತಿದ್ದಾರೆ ಎಂದು ಕೇಳಿದಳು. ಎರಡು ಲ್ಯಾಬ್ ಎಲ್ಲಿ ಕಟ್ಟುತ್ತೀರಿ ಎಂದು ನಕ್ಷೆ ಕೇಳಿದಳು. ನಾಲ್ಕನೆಯ ಅಧ್ಯಾಪಕರು ವಾರದಲ್ಲಿ ಯಾವ ಪಾಠ ಮಾಡುತ್ತಾರೆ ಎಂದು ವೇಳಾಪಟ್ಟಿ ಕೇಳಿದಳು. ನಾಲ್ಕನೆಯ ಅಧ್ಯಾಪಕರು ಕತ್ತರಿಗೆ ಬಲಿಯಾಗಲು ಹುಟ್ಟಿದವರು, ಅವರಿಗೆಲ್ಲಿಯ ವೇಳಾಪಟ್ಟಿ!

ಹೆಂಕ್ ಜೀಪಿನ ಬೆನ್ನು ಹತ್ತಿದ. ಜೀಪ್ ಎಲ್ಲಿಗೆ ಹೋಗುತ್ತದೆ, ಯಾರು ಓಡಿಸುತ್ತಾರೆ, ಎಲ್ಲಿ ನಿಲ್ಲಿಸುತ್ತೀರಿ ಎಂದು ಒಂದು ಗಂಟೆ ಕೇಳಿದ. ಬಸವಂತಪ್ಪನವರು ಇಲ್ಲದ ಜೀಪನ್ನು ಕಮಲಾಪುರದ ಸುತ್ತಲಿನ ಎಲ್ಲ ಹಳ್ಳಿಗಳಿಗೂ ಓಡಿಸಿ ಬೆವರಿದರು.

ಈ ಜನರೂ ಕಡಿಮೆಯೇನಲ್ಲ. ಹೊಸ ಕೋರ್ಸು ತೆರೆಯುವ ಮೊದಲು ಯಾವ ಹಳೆಯ ಕೋರ್ಸು ಮುಚ್ಚುತ್ತೀರೆಂದು ಇವರಲ್ಲಿ ಕಡ್ಡಾಯವಾಗಿ ಕೇಳುತ್ತಾರಂತೆ. ನಿಮ್ಮಲ್ಲಿ ಮುಚ್ಚಿದ ಉದಾಹರಣೆ ಕೊಡಿ ಎಂದು ಮಾರೈಕೆ ಕೇಳಿದಳು. ವಿದ್ಯಾರ್ಥಿಗಳೇ ಇಲ್ಲದ ಒಂದು ವಿಭಾಗ ನಮ್ಮಲ್ಲಿ ಮುಖ್ಯಸ್ಥರು, ಜವಾನರು ಮತ್ತು ವಾರ್ಷಿಕೋತ್ಸವದೊಡನೆ ಸುಖವಾಗಿ ನಡೆಯುತ್ತಿದೆ. ನಾನು ನೀರು ಕುಡಿದೆ. ಬುಧವಾರ ಅವರದೇ ಬಜೆಟ್ ಸಭೆ ನೋಡಲು ಕರೆದೊಯ್ದರು. ಅಧ್ಯಾಪಕರು, ವಿದ್ಯಾರ್ಥಿಗಳು ಎಲ್ಲ ಒಂದೇ ಮೇಜಿಗೆ ಕೂತು, ಎರಡನೆಯ ಮಹಡಿಗೆ ಹೊಸ ಕಾಫಿ ಯಂತ್ರ ಬೇಕೇ ಎಂಬುದನ್ನು ಇಡೀ ಬೆಳಿಗ್ಗೆ ಚರ್ಚಿಸಿದರು. ಕೊನೆಗೆ ಮುಂದಿನ ತಿಂಗಳು ಮತ್ತೆ ಚರ್ಚಿಸಬೇಕೆಂದು ಎಲ್ಲರೂ ಒಪ್ಪಿದರು. ಮಧ್ಯಾಹ್ನ ತಣ್ಣನೆಯ ಬ್ರೆಡ್ಡಿನ ನಡುವೆ ತಣ್ಣನೆಯ ಚೀಸ್, ಜೊತೆಗೆ ತಣ್ಣನೆಯ ಹಾಲು. ನಾನು ಬ್ಯಾಗಿನಿಂದ ಶೇಂಗಾ ಚಟ್ನಿಪುಡಿ ತೆಗೆದು ಬ್ರೆಡ್ಡಿನ ಮೇಲೆ ಸುರಿದುಕೊಂಡು ಯಾರ ಮುಖವನ್ನೂ ನೋಡದೆ ತಿಂದೆ.

ಆ ಸಂಜೆ ಬಸವಂತಪ್ಪನವರು ಹೆಂಕ್‌ನನ್ನು ಒಂದು ಪ್ರಶ್ನೆ ಕೇಳಿದರು. ವರ್ಷದ ಕೊನೆಯಲ್ಲಿ ಹಣ ಉಳಿದರೆ ಏನು ಮಾಡುತ್ತೀರಿ? ನಮ್ಮಲ್ಲಿ ಮಾರ್ಚ್ ಬಂತೆಂದರೆ ಉಳಿದದ್ದನ್ನೆಲ್ಲ ಖರ್ಚು ಮಾಡಿ ಮುಗಿಸಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಅಷ್ಟು ಕಡಿಮೆ. ಹೀಗಾಗಿ ಪ್ರತಿ ಮಾರ್ಚಿನಲ್ಲೂ ಕಬ್ಬಿಣದ ಕಪಾಟುಗಳು ಬರುತ್ತವೆ. ನನ್ನ ಕಚೇರಿಯ ಮುಂದಿನ ಪಡಸಾಲೆಯಲ್ಲಿ ಕಪಾಟುಗಳ ನಡುವೆ ಅಡ್ಡಡ್ಡ ನಡೆಯಬೇಕು. ಹೆಂಕ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಉಳಿಯುತ್ತದೆ," ಎಂದ.

ಬಸವಂತಪ್ಪನವರು ಹೋಟೆಲಿನ ತನಕ ಬೆರಳು ಮಡಿಸಿ ಕಪಾಟುಗಳನ್ನು ಎಣಿಸುತ್ತಾ ನಡೆದರು.

ಗುರುವಾರ

ಗುರುವಾರ ಬೆಳಿಗ್ಗೆ ಮಾರೈಕೆ ನೇರವಾಗಿ ವಿಷಯಕ್ಕೆ ಬಂದಳು. "ಎರಡು ಕೋಣೆಯ ಕೇಂದ್ರದಲ್ಲಿ ಅರವತ್ತು ವಿದ್ಯಾರ್ಥಿಗಳ ಪದವಿ ಸಾಧ್ಯವಿಲ್ಲ. ಇಷ್ಟು ದೊಡ್ಡ ಯೋಜನೆಗೆ ನಾವು ಸೇರಲಾರೆವು. ಕ್ಷಮಿಸಿ."

ಎಲ್ಲ ಮುಗಿಯಿತೆಂದು ನಾನು ಫೈಲು ಮುಚ್ಚತೊಡಗಿದೆ. ಬಸವಂತಪ್ಪನವರು ಮಾತ್ರ ಆ ವಾರದಲ್ಲಿ ಮೊದಲ ಸಲ ನೆಮ್ಮದಿಯಿಂದ ಮುಂದೆ ಬಾಗಿದರು. ಅವರ ಪ್ರಕಾರ ಈಗ ವ್ಯವಹಾರ ಶುರುವಾಗಿತ್ತು.

"ಹಾಗಾದರೆ ಮೂವತ್ತು ಮಾಡೋಣ," ಎಂದು ಇಂಗ್ಲಿಷಿನಲ್ಲಿ ಹೇಳಿದರು. "ಎರಡು ಹುದ್ದೆ, ಒಂದು ಲ್ಯಾಬ್. ಜೀಪ್ ಬಿಟ್ಟುಬಿಡುತ್ತೇವೆ."

ಮಾರೈಕೆ ಪೆನ್ನು ಕೆಳಗಿಟ್ಟಳು. "ಮೂವತ್ತು ಸಾಕಾಗಿದ್ದರೆ ಅರವತ್ತು ಎಂದು ಯಾಕೆ ಬರೆದಿರಿ?"

"ನೀವು ಅರ್ಧ ಮಾಡುತ್ತೀರಿ ಎಂದು."

"ನಾವು ಯಾಕೆ ಅರ್ಧ ಮಾಡುತ್ತೇವೆ? ನೀವು ಅರವತ್ತು ಎಂದು ಬರೆದಿದ್ದೀರಲ್ಲ?"

ಹೆಂಕ್ ನಿಧಾನವಾಗಿ ಕೇಳಿದ, "ಹಾಗಾದರೆ ಈ ಪುಟಗಳಲ್ಲಿ ಇನ್ನು ಯಾವುದು ನಿಜ?" ಅವನು ಸಿಟ್ಟಿನಿಂದ ಕೇಳಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದ. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ತೊಗರಿಬೇಳೆ ಹುರಿಯುತ್ತಿದ್ದ ಹುಡುಗಿಯರು ಕಣ್ಣ ಮುಂದೆ ಬಂದರು. ಅವರ ಡಿಗ್ರಿಯನ್ನು ನಾವಿಬ್ಬರು ಜಾಣರು ಸೇರಿ ಇಷ್ಟು ದೂರ ಹೊತ್ತು ತಂದು ಹೀಟರಿನ ಮೇಲಿಟ್ಟಿದ್ದೆವು.

ನಾನು ಫೋನು ತೆಗೆದು ನಸ್ರೀನ್‌ಗೆ ವಿಡಿಯೋ ಕರೆ ಮಾಡಿದೆ. ಕಮಲಾಪುರದಲ್ಲಿ ಮಧ್ಯಾಹ್ನ, ತರಗತಿಯ ವೇಳೆ. ಪರದೆಯ ತುಂಬ ಹುಡುಗಿಯರ ತಲೆಗಳು ಕಂಡವು, ಆಮೇಲೆ ನಸ್ರೀನ್. ವಿಷಯವನ್ನು ಚುಟುಕಾಗಿ ಹೇಳಿದೆ.

"ನಾ ಮೂವತ್ತ ಬರದು ಕೊಟ್ಟಿದ್ನಲ್ರಿ ಮೇಡಂ! ಅರವತ್ತು ಯಾರು ಮಾಡಿದ್ರು?"

ಬಸವಂತಪ್ಪನವರು ಪರದೆಯಿಂದ ಹೊರಗೆ ಸರಿದರು.

"ಅವ್ರನ್ನ ಕರೀರಿ," ಎಂದು ನಸ್ರೀನ್ ಹೇಳಿದರು. "ಬಸವಂತಪ್ಪ ಸರ್ ಅಲ್ರಿ, ಆ ಮೇಡಮ್ಮನ್ನ."

ಮಾರೈಕೆಯ ಜೊತೆ ಅವರು ಇಂಗ್ಲಿಷಿನಲ್ಲೇ ಮಾತಾಡಿದರು. ಮೂವತ್ತೇ ಯಾಕೆ ಎಂದರೆ ಲ್ಯಾಬಿನ ಕೋಣೆಯಲ್ಲಿ ಅಷ್ಟೇ ಜನ ಕೈಯಾರೆ ಕೆಲಸ ಮಾಡಬಹುದು, ಹೆಚ್ಚಾದರೆ ಹಿಂದಿನವರು ಬರೀ ನೋಡುತ್ತಾರೆ ಎಂದರು. ಮೊದಲ ವರ್ಷ ಮೂವತ್ತೂ ತುಂಬಲಿಕ್ಕಿಲ್ಲ, ತುಂಬುತ್ತದೆಂದು ತಾನು ಹೇಳುವುದಿಲ್ಲ ಎಂದರು. ಕೊನೆಯ ಬಸ್ಸಿನ ಸಮಯಕ್ಕೆ ಪಾಠ ಮುಗಿಯಲೇಬೇಕು, ಇಲ್ಲದಿದ್ದರೆ ಮಾರನೆಯ ದಿನ ಹುಡುಗಿಯರು ಬರುವುದಿಲ್ಲ, ಆದ್ದರಿಂದ ವೇಳಾಪಟ್ಟಿಯನ್ನು ಬಸ್ಸು ನೋಡಿ ಮಾಡಿದ್ದೇನೆ ಎಂದರು. ಮಾರೈಕೆ ಬರೆದುಕೊಳ್ಳುತ್ತಲೇ ಹೋದಳು. ಮುಗಿದ ಮೇಲೆ, "ಈ ಯೋಜನೆಯನ್ನು ಮೊದಲೇ ಕೊಡಬಹುದಿತ್ತಲ್ಲ," ಎಂದಷ್ಟೇ ನನಗೆ ಹೇಳಿದಳು.

ಶುಕ್ರವಾರ ಒಪ್ಪಂದಕ್ಕೆ ಸಹಿಯಾಯಿತು. ಮೂವತ್ತು ಸೀಟು, ಒಂದು ಲ್ಯಾಬು. ಎರಡು ಖಾಯಂ ಹುದ್ದೆಗಳನ್ನು ನಮ್ಮ ವಿಶ್ವವಿದ್ಯಾಲಯ ಮಂಜೂರು ಮಾಡಬೇಕು, ಒಂದು ಕಡಿಮೆಯಾದರೂ ಒಪ್ಪಂದ ರದ್ದು ಎಂದು ಸ್ಪಷ್ಟವಾಗಿ ಬರೆದಿತ್ತು. ಆ ದಿನ ಹೆಂಕ್ ಕಾಫಿ ಬೇಕೇ ಎಂದಾಗ ಬಸವಂತಪ್ಪನವರು ಅವನ ಮಾತು ಮುಗಿಯುವ ಮೊದಲೇ ಬೇಕು ಎಂದರು.

ವಾಪಸ್ ವಿಮಾನದಲ್ಲಿ ಅವರ ಕಣ್ಣು ಒದ್ದೆಯಾಗಿತ್ತು. "ಮೇಡಂರಿ, ಇನ್ನ ಮ್ಯಾಲ ಖರೇ ಲೆಕ್ಕಾನ ಬರೀಬೇಕ್ರಿ. ಎಷ್ಟು ಹಗುರಾಗ್ತದ ನೋಡ್ರಿ ಮನಸ್ಸು." ನಾನು ನಂಬಿದೆ. ಆ ಎತ್ತರದಲ್ಲಿ ಏನನ್ನಾದರೂ ನಂಬಬಹುದು.

ಕಲಬುರಗಿ, ಸಮಿತಿಯ ಕೋಣೆ

ಹಣಕಾಸು ಸಮಿತಿಯ ಸಭೆ ಗೋಡಂಬಿ ಮತ್ತು ಮಿರ್ಚಿ ಭಜಿಯಿಂದ ಶುರುವಾಗುತ್ತದೆ. ಹೊಟ್ಟೆ ತುಂಬಿದ ಮೇಲೆ ಕತ್ತರಿ ಹೊರಗೆ ಬರುತ್ತದೆ. ಗ್ರಂಥಾಲಯದ್ದು ಅರ್ಧ, ಕ್ರೀಡಾ ವಿಭಾಗದ್ದು ಅರ್ಧ, ಹಾಸ್ಟೆಲಿನದ್ದು ಅರ್ಧ. ಬಸವಂತಪ್ಪನವರು ಸಮಿತಿಯ ಕಾರ್ಯದರ್ಶಿ, ಪಕ್ಕದಲ್ಲಿ ಕೂತು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಕಮಲಾಪುರದ ಸರದಿ ಬಂತು. ಮೂವತ್ತು ಸೀಟು, ಎರಡು ಹುದ್ದೆ, ಒಂದು ಲ್ಯಾಬು ಎಂದು ಓದಿದೆ. ಒಪ್ಪಂದದ ಪ್ರತಿಯನ್ನೂ ಇಟ್ಟೆ.

"ಭಾಳ ಚಲೋ ಕೆಲಸ ಮಾಡೀರಿ ಮೇಡಂ," ಎಂದು ಹಿರಿಯ ಸದಸ್ಯರೊಬ್ಬರು ಭಜಿ ಮುರಿಯುತ್ತಾ ಹೇಳಿದರು. "ಸದ್ಯ ಹದಿನೈದು ಸೀಟು, ಒಂದು ಹುದ್ದಿ ಇರ್ಲಿ. ಒಂದು ವರ್ಷ ನೋಡೂಣು."

"ಸರ್, ಇದು ಖರೇ ಲೆಕ್ಕರಿ. ಇದ್ರಾಗ ಹೆಚ್ಚಿಗಿ ಏನೂ ಹಿಡದಿಲ್ಲ."

ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ, ಸಲಿಗೆಯ ನಗೆ. "ಎಲ್ಲಾರೂ ಹಿಂಗ ಅಂತಾರ್ರಿ," ಎಂದರು ಅವರು.

ನಾನು ಬಸವಂತಪ್ಪನವರ ಕಡೆ ನೋಡಿದೆ. ಅವರು ತಲೆ ತಗ್ಗಿಸಿ ಬರೆಯುತ್ತಿದ್ದರು. ಹದಿನೈದು, ಒಂದು.

ಹೊರಗೆ ಬಂದ ಮೇಲೆ ಕಪಾಟುಗಳ ನಡುವೆ ಅವರನ್ನು ಅಡ್ಡಗಟ್ಟಿದೆ. "ನೀವರೆ ಬಾಯಿ ಬಿಡಬೇಕಿತ್ತಲ್ರಿ! ಅಲ್ಲಿ ಕೂತಿದ್ದೋರು ನೀವು, ನೋಡಿದೋರು ನೀವು, ವಿಮಾನದಾಗ ಅತ್ತೋರು ನೀವು!"

"ಹೇಳಬೇಕಂತನ ಇದ್ದೆರಿ ಮೇಡಂ. ಆದ್ರ ಅವ್ರು ಅರ್ಧ ಅನ್ನೂದ್ರಾಗ ಕೈ ಬರದುಬಿಡ್ತು." ಅವರು ತಮ್ಮ ಬಲಗೈಯನ್ನು ಬೇರೆಯವರದೆಂಬಂತೆ ನೋಡಿಕೊಂಡರು. ಆ ಮುಖ ನೋಡಿ ಬೈಯಲೂ ಆಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರೇ ದಾರಿ ಹೇಳಿದರು. "ಮರುಪರಿಶೀಲನಾ ಅಂತ ಮುಂದಿನ ಸಭಾಕ್ಕ ತರೂಣ್ರಿ. ಅರವತ್ತು, ನಾಲ್ಕು, ಎರಡು ಲ್ಯಾಬ್."

"ಮತ್ತ ಜೀಪ್?" ಎಂದೆ, ಹಲ್ಲು ಕಚ್ಚಿಕೊಂಡು.

"ಜೀಪ್ ಬೇಕ ಬೇಕ್ರಿ. ಅದು ಇಲ್ಲಂದ್ರ ಅವ್ರಿಗೆ ಅನುಮಾನ ಬರ್ತದ."

ಮುಂದಿನ ಸಭೆಯಲ್ಲಿ ಜೀಪ್ ಮೊದಲು ಹೋಯಿತು. ಅದನ್ನು ಹೊಡೆದುಹಾಕಿದ ಸಂತೋಷದಲ್ಲಿ ಉಳಿದದ್ದೆಲ್ಲ ಸರಾಗವಾಗಿ ನಡೆಯಿತು. ಮೂವತ್ತು ಸೀಟು, ಎರಡು ಹುದ್ದೆ, ಒಂದು ಲ್ಯಾಬು ಮಂಜೂರು. "ಈಗ ಬರೋಬ್ಬರಿ ಆತ ನೋಡ್ರಿ," ಎಂದರು ಅದೇ ಹಿರಿಯ ಸದಸ್ಯರು. ನನಗೆ ಸಂತೋಷವಾಗಬೇಕಿತ್ತು. ಆಗಿದ್ದು ಬರೀ ಸುಸ್ತು. ಆದೇಶದ ಪ್ರತಿಯನ್ನು ಮಾರೈಕೆಗೆ ಕಳಿಸಿದೆ. ಮಾರನೆಯ ದಿನ ಅವಳ ಉತ್ತರ ಬಂತು. ನಿಮ್ಮ ಸಮಿತಿ ನಿಜವಾದ ಲೆಕ್ಕವನ್ನು ಇದ್ದಂತೆಯೇ ಒಪ್ಪಿಕೊಂಡದ್ದು ಕಂಡು ಬಹಳ ಸಂತೋಷವಾಯಿತು, ಹೆಂಕ್‌ಗೂ ತೋರಿಸಿದೆ ಎಂದು ಬರೆದಿದ್ದಳು. ಅದನ್ನು ಮುದ್ರಿಸಿ ಫೈಲಿಗೆ ಸೇರಿಸಿಟ್ಟೆ.

ಮತ್ತೆ ಕಮಲಾಪುರ

ಪದವಿ ಶುರುವಾದ ಮೇಲೆ ಒಂದು ದಿನ ಹೋಗಿದ್ದೆ. ಕೇಂದ್ರದ ಬಾಗಿಲಿಗೆ ಹೊಸ ಬೋರ್ಡು. ಎರಡು ಹುದ್ದೆಗಳಲ್ಲಿ ಒಂದಕ್ಕೆ ನಸ್ರೀನ್ ಆಯ್ಕೆಯಾಗಿದ್ದರು. ಹುಡುಗಿಯರು ಲ್ಯಾಬಿನಲ್ಲಿ ಕೆಂಪು ಬಾಳೆಹಣ್ಣಿನ ತೆಳು ಬಿಲ್ಲೆಗಳನ್ನು ಒಣಗ ಹಾಕುತ್ತಿದ್ದರು. ಒಂದು ಬಿಲ್ಲೆ ಬಾಯಿಗೆ ಹಾಕಿಕೊಂಡೆ. ಚೆನ್ನಾಗಿತ್ತು. ಇನ್ನೊಂದು ಬೇಕೇ ಎಂದು ಒಬ್ಬಳು ಕೇಳಿದಾಗ ರೂಢಿಯಂತೆ ಬೇಡ ಎಂದೆ. ಅವಳು ಒತ್ತಾಯ ಮಾಡಿ ನನ್ನ ಬ್ಯಾಗಿಗೇ ಒಂದು ಪೊಟ್ಟಣ ಹಾಕಿದಳು. ಮನೆಗೆ ಬಂದೆನೆಂದು ನನಗೆ ನಿಜವಾಗಿ ಅನ್ನಿಸಿದ್ದು ಆಗಲೇ.

ಬರುವ ವರ್ಷದ ಬೇಡಿಕೆ ಬರೆದುಕೊಳ್ಳಬೇಕಾಗಿತ್ತು. "ಒಣಗಿಸೋ ಯಂತ್ರ ಇನ್ನೆಷ್ಟು ಬೇಕಾಗ್ತಾವ್ರಿ ನಸ್ರೀನ್?" ಎಂದು ಕೇಳಿದೆ.

ಡಚ್ಚರ ಮುಂದೆ ಮೂವತ್ತು ಎಂದರೆ ಮೂವತ್ತೇ ಎಂದು ಗುಡುಗಿದ ಹೆಂಗಸು ಈಗ ಉತ್ತರ ಕೊಡುವ ಮೊದಲು ಸ್ವಲ್ಪ ತಡೆದರು. ಸಮಿತಿಯ ಕತೆಯೆಲ್ಲ ಅವರ ಕಿವಿಗೂ ಬಿದ್ದಿತ್ತು.

"ನಿಮಗ ಹೇಳ್ಲೋ ಮೇಡಂ, ಫೈಲಿಗೆ ಹೇಳ್ಲೋ?"

ಅವರು ತಮಾಷೆ ಮಾಡುತ್ತಿರಲಿಲ್ಲ. ನನಗೆ ಅಳು ಬಂದಂತಾಯಿತು.

"ಮೊದಲ ನನಗ ಹೇಳ್ರಿ," ಎಂದೆ.

"ಒಂದು."

ಪೆನ್ನು ತೆಗೆದೆ. ಎರಡು ಎಂದು ಬರೆದುಕೊಂಡೆ.